ವೃದ್ಧರ ಶಸ್ತ್ರಕ್ರಿಯೆಯೂ ಮತಿವಿಭ್ರಮವೂ

ಯಲಬುರ್ಗಿಯ ಸೀಮೆಯಲ್ಲಿ ಅಂಗಳದೊಳಗೆ ಕಾಲು ಜಾರಿ ಬಿದ್ದು ತೊಡೆಸಂದಿನ ಎಲುಬು ಮುರಿದುಕೊಂಡ ವೃದ್ಧೆಯೊಬ್ಬಳನ್ನು ಬಂಧುಗಳು ಕೊಪ್ಪಳದ ದವಾಖಾನೆಗೆ ಸೇರಿಸಿ, ಶಸ್ತ್ರಕ್ರಿಯೆ ಸಾಂಗವಾಗಿ ನೆರವೇರಿ, ಗಂಡಾಂತರ ಕಳೆಯಿತೆಂದು ಎಲ್ಲರೂ ಸಮಾಧಾನಗೊಂಡಿರುವ ಎರಡನೆಯ ರಾತ್ರಿಯಲ್ಲಿ, ಆಕೆ ಕೈಗೆ ಚುಚ್ಚಿದ ಸಲೈನ್ ಕೊಳವೆಯನ್ನು ಕಿತ್ತು, ಹೊದಿಕೆಯನ್ನೇ ಮೊರವೆಂದು ಬಗೆದು ಸಜ್ಜೆಯೊಳಗಿನ ಹರಳನ್ನು ಆರಿಸುವಂತೆ ಬೆರಳಾಡಿಸುತ್ತ, ಎದುರಿಗೆ ನಿಂತ ಸ್ವಂತ ಮಗಳನ್ನೇ "ಯಾರವ್ವಾ ನೀ, ಯಾವ ಊರಾಕಿ?" ಎಂದು ಕೇಳತೊಡಗುವುದುಂಟು. ಇದನ್ನು ಕಂಡ ಮನೆಯವರು ಗಾಳಿ ಸೋಂಕಿತೆಂದು ತಾಯಿತ ತರಿಸಲು ಹೊರಡುತ್ತಾರೆ. ಇಲ್ಲವೆ ಅರುಳುಮರುಳೆಂದು ಕೈಚೆಲ್ಲಿ ಕುಳಿತುಬಿಡುತ್ತಾರೆ.

ವೈದ್ಯರು ಡೆಲಿರಿಯಂ ಎಂದು ಕರೆಯುವ ಈ ಮತಿವಿಭ್ರಮವು ಮಿದುಳಿಗೆ ತಗುಲಿದ ದೇಹವ್ಯಾಧಿಯೇ ಸರಿ. ಶಸ್ತ್ರದ ಗಾಯದಿಂದ ದೇಹದಲ್ಲೆಲ್ಲ ಹಬ್ಬುವ ಉರಿಯೂತ, ನೋವು, ನಿದ್ರಾಭಂಗ, ನೀರಿನ ಕೊರತೆ, ಮೂತ್ರಬಂಧ, ಕೆಲವು ಬಗೆಯ ನಿದ್ದೆಗುಳಿಗೆ, ಇವನ್ನೆಲ್ಲ ಹರೆಯದ ಮಿದುಳು ತಾಳಿಕೊಂಡೀತು. ಮೊದಲೇ ಸ್ಮೃತಿ ಕುಂದಿ, ಕಣ್ಣು ಕಿವಿಗಳು ಮಂದವಾಗಿರುವ ವೃದ್ಧರಲ್ಲಿ ಅವು ಒಟ್ಟುಗೂಡಿ ಅವಧಾನವನ್ನೇ ಕದಡಿಬಿಡುತ್ತವೆ. ಸಾಮಾನ್ಯವಾಗಿ ಮೊದಲ ಮೂರು ದಿನಗಳೊಳಗೆ ತಲೆದೋರುವ ಈ ವ್ಯಾಧಿ ಹಗಲು ತಿಳಿಯಾದಂತೆ ತೋರಿ ಇರುಳು ಉಲ್ಬಣಿಸುತ್ತದೆ. ಬಡಬಡಿಸುವವರನ್ನು ಎಲ್ಲರೂ ಗಮನಿಸುತ್ತಾರೆ. ಗೋಡೆಯ ಕಡೆ ಮುಖಮಾಡಿ ತೂಕಡಿಸುತ್ತ ಸುಮ್ಮನೆ ಮಲಗಿರುವವರಲ್ಲಿಯೂ ಇದೇ ವಿಭ್ರಮ ಇರಬಹುದೆಂಬುದು ಅನೇಕ ವೇಳೆ ಯಾರ ಲಕ್ಷ್ಯಕ್ಕೂ ಬಾರದು. ನನಗೆ ಹೆಚ್ಚಿನ ಭಯವನ್ನುಂಟುಮಾಡುವುದು ಈ ಮೌನವೇ.

ಈ ಮತಿವಿಭ್ರಮವನ್ನು ಮುಂಚಿತವಾಗಿಯೇ ತಡೆಯಲು ಚೀನಾದ ಸೂಜಿಚಿಕಿತ್ಸೆ, ಅಂದರೆ ಅಕ್ಯುಪಂಕ್ಚರ್, ನೆರವಾದೀತೆ ಎಂಬ ಶೋಧನೆ ಈಚಿನ ವರ್ಷಗಳಲ್ಲಿ ನಡೆದಿದೆ. ಈ ವಿದ್ಯೆ ಭಾರತಕ್ಕೆ ಬಂದುದು ಹೀಗೆ: ನಮ್ಮ ನೆರೆಯ ಸೊಲ್ಲಾಪುರದಲ್ಲಿ ಹುಟ್ಟಿದ ದ್ವಾರಕಾನಾಥ ಕೋಟಣೀಸರು 1938ರಲ್ಲಿ ಯುದ್ಧಪೀಡಿತ ಚೀನಾಕ್ಕೆ ತೆರಳಿದ ಐವರು ಭಾರತೀಯ ವೈದ್ಯರಲ್ಲೊಬ್ಬರಾಗಿ ಸೇವೆಗೈದು 1942ರಲ್ಲಿ ಅಲ್ಲಿಯೇ ದೇಹವಿಟ್ಟರು. ಅವರ ಸಂಗಡಿಗರಾದ ಕಲ್ಕತ್ತೆಯ ಬಿಜಯಕುಮಾರ ಬಸು ಅವರು ಮತ್ತೊಮ್ಮೆ ಅಲ್ಲಿಗೆ ಹೋಗಿ ಈ ವಿದ್ಯೆಯನ್ನು ಕಲಿತು 1959ರಲ್ಲಿ ಭಾರತಕ್ಕೆ ತಂದರು. ಕೇಂದ್ರ ಸರ್ಕಾರವು ಇದಕ್ಕೆ ಚಿಕಿತ್ಸಾಕ್ರಮವೆಂದು 2003ರಲ್ಲಿ ಮನ್ನಣೆಯಿತ್ತಿತು. ಈಚಿನ ಶೋಧನೆಗಳಲ್ಲಿ ಮುಂಗೈಯ ಒಳಬದಿಯಲ್ಲಿ ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಎರಡು ಸ್ನಾಯುರಜ್ಜುಗಳ ನಡುವಣ ನೇಗ್ವಾನ್ ಎಂಬ ಬಿಂದುವಿನಲ್ಲಿಯೂ ನೆತ್ತಿಯ ಬೈಹ್ವೇ ಎಂಬ ಬಿಂದುವಿನಲ್ಲಿಯೂ ಕೂದಲೆಳೆಯಂಥ ಸೂಜಿಯನ್ನು ಇಳಿಸುತ್ತಾರೆ, ಇಲ್ಲವೆ ಚರ್ಮದ ಮೇಲೆಯೇ ಪಟ್ಟಿಯಂಟಿಸಿ ಮೃದುವಾದ ವಿದ್ಯುತ್ತನ್ನು ಹಾಯಿಸುತ್ತಾರೆ. ಇದರಿಂದ ಉರಿಯೂತ ಶಮನವಾಗಿ, ಅರಿವಳಿಕೆಯ ಔಷಧವೂ ಕಡಿಮೆ ಸಾಕಾಗಬಹುದೆಂಬುದು ಶೋಧಕರ ಊಹೆ.

ಶಸ್ತ್ರಕ್ರಿಯೆಯ ಅನಂತರದ ವಾಕರಿಕೆಯನ್ನು ನೇಗ್ವಾನ್ ಬಿಂದುವಿನ ಚಿಕಿತ್ಸೆ ತಗ್ಗಿಸುತ್ತದೆಂಬುದಕ್ಕೆ ತಕ್ಕಮಟ್ಟಿನ ಪ್ರಮಾಣವಿದೆ. ಮತಿವಿಭ್ರಮದ ವಿಷಯದಲ್ಲಿ ಚೀನಾದಿಂದ ಬಂದ ಫಲಿತಗಳು ಆಶಾದಾಯಕವಾಗಿದ್ದರೂ ಅವುಗಳಲ್ಲಿ ಹಲವು ಅಲ್ಪಸಂಖ್ಯೆಯ ರೋಗಿಗಳನ್ನು ಅವಲಂಬಿಸಿದವು. ಆದುದರಿಂದ ಸೂಜಿಯನ್ನು ಉಪಚಾರದ ಜೊತೆಗೊಂದು ಸಹಾಯವೆಂದು, ಅದೂ ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರ ವಿಷಯದಲ್ಲಿ ವೈದ್ಯರನ್ನು ಕೇಳಿಯೇ, ಸ್ವೀಕರಿಸಬಹುದಲ್ಲದೆ ಅದೊಂದನ್ನೇ ನೆಚ್ಚಿ ಉಳಿದುದನ್ನು ಕೈಬಿಡುವುದು ಸಲ್ಲದು.

ಆ ಉಳಿದುದೇ ಬಹಳ ದೊಡ್ಡದು. ಬೋಸ್ಟನ್ ನಗರದಲ್ಲಿ ಎಡ್ವರ್ಡ್ ಮಾರ್ಕಾಂಟೋನಿಯೋ ಮತ್ತು ಸಂಗಡಿಗರು ತೊಡೆಸಂದಿನ ಶಸ್ತ್ರಕ್ರಿಯೆಗೊಳಗಾದ 126 ವೃದ್ಧರಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೃದ್ಧವೈದ್ಯರು ನಿತ್ಯವೂ ನೋವು, ನೀರು, ಆಹಾರ, ನಿದ್ರೆ, ಔಷಧಗಳನ್ನು ಪರಾಮರ್ಶಿಸಿದಾಗ ವಿಭ್ರಮಕ್ಕೀಡಾದವರು ನೂರಕ್ಕೆ 50ರಿಂದ 32ಕ್ಕೆ ಇಳಿದರು. ನಮ್ಮ ವಾರ್ಡುಗಳಲ್ಲಿ ರೋಗಿಯ ಮಗ್ಗುಲಲ್ಲಿ ಮಗಳೋ ಸೊಸೆಯೋ ಇದ್ದೇ ಇರುತ್ತಾಳೆ. ಎಚ್ಚರವಾದೊಡನೆ ಚಾಳೀಸು ಹಾಕಿ, ವೈದ್ಯರು ಅನುಮತಿಸಿದಂತೆ ಗುಟುಕು ಗುಟುಕಾಗಿ ನೀರು ಕುಡಿಸಿ, ಹಗಲು ಎಬ್ಬಿಸಿ ಕೂರಿಸಿ, ಇರುಳು ದೀಪವನ್ನೂ ಮಾತನ್ನೂ ತಗ್ಗಿಸಿ, "ಯವ್ವಾ, ಇದು ಕೊಪ್ಪಳದ ದವಾಖಾನಿ, ಇವತ್ತ ಸೋಮಾರ, ನಾ ಇಲ್ಲೇ ಅದೀನಿ" ಎಂದು ಪರಿಚಿತ ದನಿಯಲ್ಲಿ ಮತ್ತೆ ಮತ್ತೆ ಹೇಳುವ ಆಕೆಯ ಆರೈಕೆಯನ್ನು ನಾನು ಯಾವ ಸೂಜಿಗಿಂತಲೂ ಮೇಲೆಂದು ಎಣಿಸುತ್ತೇನೆ. ಗಂಗಾವತಿಯಲ್ಲಾಗಲಿ ಕುಷ್ಟಗಿಯಲ್ಲಾಗಲಿ ಹಿರಿಯರನ್ನು ಶಸ್ತ್ರಕ್ರಿಯೆಗೆ ಒಯ್ಯುವವರು, ಅವರು ನಿತ್ಯ ನುಂಗುವ ಗುಳಿಗೆಗಳನ್ನೂ, ಮದ್ಯದ ಅಭ್ಯಾಸವಿದ್ದರೆ ಸಂಕೋಚಪಡದೆ ಅದನ್ನೂ, ಹಿಂದೊಮ್ಮೆ ಹೀಗೆಯೇ ಬಡಬಡಿಸಿದ್ದರೆ ಆ ಸಂಗತಿಯನ್ನೂ ಅರಿವಳಿಕೆಯ ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.