ಕತ್ತಲಾದ ವಿಡಿಯೋದಲ್ಲಿ ಅಜ್ಜಿಯ ಮುಖ

ನಿಮ್ಮ ಮನೆಯ ಬೀರುವನ್ನು ಒಮ್ಮೆ ಹುಡುಕಿ ನೋಡಿ. ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಕೊಂಡ ಪುಟ್ಟ ಡಿಜಿಟಲ್ ಕ್ಯಾಮೆರಾ, ಒಂದೆರಡು ಮೆಮೊರಿ ಕಾರ್ಡು, ಹೆಸರು ಬರೆಯದ ನಾಲ್ಕಾರು ಸಿ.ಡಿ.ಗಳು ಸಿಕ್ಕಾವು. ಮಗುವಿನ ಜ್ಞಾನಸ್ನಾನದ ದಿನದ ಊಟ, ಕ್ರಿಸ್‌ಮಸ್ ರಾತ್ರಿಯ ಗೋದಲಿ, ಮದುವೆಯ ಹಿಂದಿನ ದಿನದ ಹಾಡು ಎಲ್ಲವೂ ಅವುಗಳಲ್ಲಿ ಇರಬಹುದು. ಆದರೆ ತೆರೆದು ನೋಡಿದರೆ ಪರದೆಯೆಲ್ಲ ಕಪ್ಪು. ಅಜ್ಜಿ ಮಾತನಾಡುವುದು ಕೇಳಿಸುತ್ತದೆ, ಮುಖ ಕಾಣುವುದಿಲ್ಲ. "ಏನೂ ಕಾಣಲ್ಲ, ಅಳಿಸಿಬಿಡಿ" ಎನ್ನುತ್ತಾರೆ ಮಕ್ಕಳು. ಪ್ರಿಯ ಓದುಗರೇ, ದಯವಿಟ್ಟು ಅಳಿಸಬೇಡಿ. ಆ ಕತ್ತಲೆಯೊಳಗೆ ಅಜ್ಜಿ ಇನ್ನೂ ಇದ್ದಾರೆ.

ಕತ್ತಲಾದದ್ದು ಏಕೆ?

ಅದೇ ಕ್ಯಾಮೆರಾದಲ್ಲಿ ತೆಗೆದ ಫೋಟೋ ಚೆನ್ನಾಗಿದೆ, ವಿಡಿಯೋ ಮಾತ್ರ ಏಕೆ ಕಪ್ಪು? ಫೋಟೋ ತೆಗೆಯುವಾಗ ಫ್ಲ್ಯಾಶ್ ಮಿಂಚುತ್ತದೆ. ಬೇಕಾದರೆ ಕ್ಯಾಮೆರಾ ತನ್ನ ಕಣ್ಣನ್ನು ಇನ್ನಷ್ಟು ಹೊತ್ತು ತೆರೆದಿಡಬಲ್ಲದು. ವಿಡಿಯೋಗೆ ಫ್ಲ್ಯಾಶ್ ಇಲ್ಲ. ಸೆಕೆಂಡಿಗೆ 30 ಚಿತ್ರ ತೆಗೆಯಬೇಕಾದರೆ ಒಂದೊಂದಕ್ಕೆ ಸಿಗುವುದು ಹೆಚ್ಚೆಂದರೆ ಸೆಕೆಂಡಿನ 30ರಲ್ಲಿ ಒಂದು ಪಾಲು. ಅಂತಹ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸೆನ್ಸರ್ ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಕರೆಂಟು ಹೋಗಿ ಲಾಟೀನು ಹಚ್ಚಿದ ಮನೆಯಲ್ಲಿ ಅಷ್ಟು ಸ್ವಲ್ಪ ಹೊತ್ತಿಗೆ ಎಷ್ಟು ಬೆಳಕು ದಕ್ಕೀತು?

ಹಗಲಿನಲ್ಲೂ ಹೀಗಾಗುವುದುಂಟು. ನಮ್ಮ ಗುಮ್ಮಘಟ್ಟದ ಕಡೆ ಭೈರವಾನಿತಿಪ್ಪ ಜಲಾಶಯ ನೋಡಲು ಹೋದವರು ಇಳಿಬಿಸಿಲಿಗೆ ಬೆನ್ನು ಮಾಡಿ ನಿಂತರೆ, ಕ್ಯಾಮೆರಾ ಆಕಾಶದ ಬೆಳಕನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ನೀರು ಹೊಳೆಯುತ್ತದೆ, ಮುಖಗಳು ನೆರಳಾಗುತ್ತವೆ.

ಬೆಳಕು ತರುವ ಬಗೆ

ಸಾಮಾನ್ಯ ವಿಡಿಯೋದಲ್ಲಿ ಪ್ರತಿ ಚುಕ್ಕೆಯ ಬೆಳಕಿಗೂ 0ಯಿಂದ 255ರವರೆಗೆ ಒಂದು ಅಂಕೆ ಇದೆ ಎಂದುಕೊಳ್ಳಿ. 0 ಎಂದರೆ ಕಪ್ಪು, 255 ಎಂದರೆ ಬಿಳಿ. ಕತ್ತಲೆಯ ವಿಡಿಯೋದಲ್ಲಿ ಅಜ್ಜಿಯ ಮುಖ 20, 30ರ ಆಸುಪಾಸಿನಲ್ಲಿ ಅಡಗಿರುತ್ತದೆ. ಆಗ ನಮ್ಮ ಕೈ ಮೊದಲು ಹೋಗುವುದು 'ಬ್ರೈಟ್‌ನೆಸ್' ಕಡೆಗೆ. ಹಲವು ತಂತ್ರಾಂಶಗಳಲ್ಲಿ ಅದು ಎಲ್ಲ ಅಂಕೆಗಳಿಗೂ ಒಂದೇ ಸಮನೆ ಕೂಡಿಸುತ್ತದೆ. ಕಪ್ಪು ಸೀರೆ ಬೂದಿ ಬಣ್ಣವಾಗುತ್ತದೆ, ಚಿತ್ರಕ್ಕೆ ಮಂಜು ಕವಿಯುತ್ತದೆ.

'ಗಾಮಾ' ಎಂಬುದನ್ನು ಬಳಸಿ. ಅದು ಕಪ್ಪನ್ನು ಕಪ್ಪಾಗಿ, ಬಿಳಿಯನ್ನು ಬಿಳಿಯಾಗಿ ಉಳಿಸಿ ನಡುವಿನದನ್ನು ಮಾತ್ರ ಮೇಲೆತ್ತುತ್ತದೆ. ಗಾಮಾ 1.5 ಇಟ್ಟರೆ 30 ಇದ್ದದ್ದು ಸುಮಾರು 61 ಆಗುತ್ತದೆ, 255 ಇದ್ದದ್ದು ಅಲ್ಲೇ ನಿಲ್ಲುತ್ತದೆ.

ಕಂಪ್ಯೂಟರಿನಲ್ಲಿ ವಿ.ಎಲ್.ಸಿ. ಪ್ಲೇಯರ್ ಇದ್ದರೆ ಮೊದಲು ಅದರಲ್ಲೇ ಪರೀಕ್ಷಿಸಿ. ವಿಡಿಯೋ ಎಫೆಕ್ಟ್ಸ್ ವಿಭಾಗದಲ್ಲಿ ಗಾಮಾ ಏರಿಸಿದರೆ ನೋಡುವಾಗ ಮಾತ್ರ ಬೆಳಕಾಗುತ್ತದೆ, ಫೈಲು ಬದಲಾಗುವುದಿಲ್ಲ. ಮುಖ ಕಂಡಿತೆಂದರೆ ಮುಂದಿನ ಕೆಲಸಕ್ಕೆ ಕೈ ಹಾಕಬಹುದು. ಹಿಂದೆ ಬಳಕೆಯಲ್ಲಿದ್ದ ವಿಂಡೋಸ್ ಮೂವಿ ಮೇಕರ್ 2017ರಲ್ಲಿ ನಿಂತುಹೋಯಿತು. ಈಗ ಶಾಟ್‌ಕಟ್ ಎಂಬ ಉಚಿತ ತಂತ್ರಾಂಶ ಸಾಕು. ಅದರ ಕಲರ್ ಗ್ರೇಡಿಂಗ್‌ನಲ್ಲಿ ಗಾಮಾ ಇದೆ. ಬಲ್ಬಿನ ಹಳದಿ ಹೆಚ್ಚಾಗಿದ್ದರೆ ಅಲ್ಲೇ ಸ್ವಲ್ಪ ತಗ್ಗಿಸಬಹುದು. ಅತಿಯಾಗಿ ಏರಿಸಿದರೆ ರಾಗಿ ಚೆಲ್ಲಿದಂತೆ ಕಾಳುಕಾಳು ಕಾಣಿಸುತ್ತದೆ. ಮುಖ ಗುರುತು ಸಿಗುವಷ್ಟಕ್ಕೆ ನಿಲ್ಲಿಸಿ.

ಮೂಲವನ್ನು ಮುಟ್ಟಬೇಡಿ

ಏನು ಮಾಡುವುದಿದ್ದರೂ ಪ್ರತಿಯೊಂದರ ಮೇಲೆ ಮಾಡಿ. ಸರಿಪಡಿಸಿದ್ದನ್ನೇ ಮತ್ತೆ ಮತ್ತೆ ಸರಿಪಡಿಸಿ ಉಳಿಸಿದರೆ ಪ್ರತಿ ಸಲವೂ ಚಿತ್ರ ಸವೆಯುತ್ತದೆ. ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' ಚಿತ್ರ ಹೊಸ ಮೆರುಗು ಪಡೆದು 2024ರಲ್ಲಿ ವೆನಿಸ್ ಚಲನಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಅದು ಸಾಧ್ಯವಾದದ್ದು ಮೂಲ ನೆಗೆಟಿವ್ ಉಳಿದಿದ್ದರಿಂದ. ನಮ್ಮ ಮನೆಯ ಮೆಮೊರಿ ಕಾರ್ಡಿನಲ್ಲಿರುವ ಫೈಲೇ ನಮ್ಮ ನೆಗೆಟಿವ್. ಕಾರ್ಡು, ಸಿ.ಡಿ. ಎರಡೂ ಶಾಶ್ವತವಲ್ಲ. ಮೊದಲು ಎರಡು ಕಡೆ ಪ್ರತಿ ಮಾಡಿಡಿ.

ಇನ್ನೊಂದು ಎಚ್ಚರಿಕೆ. ಕೃತಕ ಬುದ್ಧಿಮತ್ತೆಯ ಕೆಲವು ಸಾಧನಗಳು ಅರೆಬರೆ ಕಾಣುವ ಮುಖವನ್ನು ಕ್ಷಣದಲ್ಲಿ ತಿದ್ದಿ ಹೊಳಪಿಸಿ ಕೊಡುತ್ತವೆ. ಕಣ್ಣು, ಹಲ್ಲು ಎಲ್ಲ ಸ್ಪಷ್ಟ. ಆದರೆ ವಿಡಿಯೋದಲ್ಲಿ ಇಲ್ಲದ ವಿವರವನ್ನು ಅವು ಊಹಿಸಿ ಬರೆಯುತ್ತವೆ. ನೋಡಲು ಸುಂದರ, ಆದರೆ ಅದು ಅಜ್ಜಿಯಲ್ಲ. ಇದ್ದದ್ದನ್ನು ಬೆಳಕಿಗೆ ತರುವುದು ಬೇರೆ, ಇಲ್ಲದ್ದನ್ನು ಹುಟ್ಟಿಸುವುದು ಬೇರೆ. ಮಸುಕಾದರೂ ನಿಜವಾದ ಮುಖವೇ ಮೊಮ್ಮಕ್ಕಳಿಗೆ ಸಲ್ಲಬೇಕಾದದ್ದು.

ಧ್ವನಿಗೆ ಕತ್ತಲೆಯಿಲ್ಲ

ಎಷ್ಟು ಮಾಡಿದರೂ ಮುಖ ಕಾಣದಿದ್ದರೆ? ಕ್ಯಾಮೆರಾಗೆ ದಕ್ಕದ ಬೆಳಕನ್ನು ಯಾವ ತಂತ್ರಾಂಶವೂ ತರಲಾರದು. ಆದರೆ ದೀಪವಿಲ್ಲದಿದ್ದರೂ ಧ್ವನಿ ದಾಖಲಾಗಿರುತ್ತದೆ. ರಾಯದುರ್ಗ, ಮಡಕಶಿರದ ಕಡೆ ಹಿರಿಯರು ಆಡುವ ತೆಲುಗು ಬೆರೆತ ಕನ್ನಡ, ಅವರು ಮಕ್ಕಳನ್ನು ಕರೆಯುವ ರೀತಿ, ಹಾಡಿನ ನಡುವೆ ಬರುವ ಕೆಮ್ಮು ಕೂಡ ಅಲ್ಲಿ ಉಳಿದಿದೆ. ಪುಸ್ತಕದಲ್ಲಿ ಅದು ಸಿಗುವುದಿಲ್ಲ.

ಈ ಭಾನುವಾರ ಸಂಜೆ ಟಿ.ವಿ. ಧಾರಾವಾಹಿಯ ಬದಲು ಇದನ್ನು ಹಾಕಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. "ಈ ಮಾತು ಯಾರದು? ಆ ಮೂಲೆಯಲ್ಲಿ ನಗುತ್ತಿರುವುದು ಯಾರು?" ಎಂದು ಕೇಳಿ, ಹೆಸರು, ಊರು, ವರ್ಷ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಚಿತ್ರದ ಕತ್ತಲೆಯನ್ನು ಮುಂದಿನ ವರ್ಷವೂ ತಿದ್ದಬಹುದು. ಆ ಧ್ವನಿ ಯಾರದೆಂದು ಹೇಳಬಲ್ಲವರು ಮುಂದಿನ ವರ್ಷ ನಮ್ಮೊಂದಿಗೆ ಇರುತ್ತಾರೆಂದು ಹೇಳುವವರಾರು?