ಕಲ್ಯಾಣ ಒಂದೇ ರಾತ್ರಿಯಲ್ಲಿ ಕೆಡಲಿಲ್ಲ

ಕಲಬುರಗಿ ಜಿಲ್ಲೆಯ ಗೊಬ್ಬೂರಿನಿಂದ ಉತ್ತರಕ್ಕೆ ಹೋದರೆ ಬಸವಕಲ್ಯಾಣ. ಭೀಮಾ ಸೀಮೆ ಹಾಯ್ದು ಪಶ್ಚಿಮಕ್ಕೆ ಹೋದರೆ ಮಂಗಳವೇಢೆ. 12ನೇ ಶತಮಾನದಲ್ಲಿ ಮೊದಲನೆಯದು ಚಾಲುಕ್ಯ ಚಕ್ರವರ್ತಿಗಳ ರಾಜಧಾನಿ, ಎರಡನೆಯದು ಅವರ ಸಾಮಂತರಾದ ಕಳಚುರಿಗಳ ನೆಲೆವೀಡು. ಇಂದಿನ ಆಳಂದ, ಅಫಜಲಪುರ, ಜೇವರ್ಗಿ ಭಾಗ ಈ ಎರಡು ಮನೆತನಗಳ ಜಗಳವನ್ನು ಹತ್ತಿರದಿಂದಲೇ ಕಂಡ ನೆಲ. ಆದರೂ ಈ ಸೀಮೆಯಲ್ಲಿ ಆ ಕಾಲದ ಬಗ್ಗೆ ಓಡಾಡುವ ಕತೆ ತೀರಾ ಚಿಕ್ಕದು: ಜೈನನಾದ ಬಿಜ್ಜಳ ತನ್ನ ಒಡೆಯನಿಗೆ ದ್ರೋಹ ಬಗೆದು ಕಲ್ಯಾಣವನ್ನು ಕಸಿದ, ಶರಣರನ್ನು ಹಿಂಸಿಸಿದ, ಆ ಪಾಪಕ್ಕೆ ಕೊಲೆಯಾದ, ಅಂದೇ ಕಲ್ಯಾಣ ಹಾಳಾಯಿತು. ಇದರಲ್ಲಿ ಪೂರ್ತಿ ಸುಳ್ಳೆಂದು ತಳ್ಳಿಹಾಕುವಂಥದ್ದು ಕಡಿಮೆ. ಆದರೆ ಸುಮಾರು ಮೂವತ್ತು ವರ್ಷ ನಡೆದ ಅಧಿಕಾರದ ಹೋರಾಟವನ್ನು ಒಬ್ಬನ ಗುಣಕ್ಕೂ ಒಂದು ರಾತ್ರಿಯ ರಕ್ತಪಾತಕ್ಕೂ ಇಳಿಸಿದ್ದರಿಂದ ನಮ್ಮ ಚರಿತ್ರೆಯ ದೊಡ್ಡ ಭಾಗವೇ ಕಣ್ಮರೆಯಾಗಿದೆ.

ಮೊದಲು ದ್ರೋಹದ ಮಾತು. ಭೀಮಾ ತೀರದ ತರ್ದವಾಡಿ ಸಾಸಿರ ಎಂಬ ನಾಡು ಈ ಕತೆಯ ಕೀಲಿ. 965ರಲ್ಲಿ ಆ ನಾಡನ್ನು ರಾಷ್ಟ್ರಕೂಟ ಮೂರನೆಯ ಕೃಷ್ಣನಿಂದ ಸೈನಿಕ ಸೇವೆಗೆ ಪ್ರತಿಯಾಗಿ ಪಡೆದು ಆಳುತ್ತಿದ್ದವನು ಚಾಲುಕ್ಯ ತೈಲಪ. ಎಂಟೇ ವರ್ಷಗಳಲ್ಲಿ, 973ರಲ್ಲಿ, ಅದೇ ತೈಲಪ ರಾಷ್ಟ್ರಕೂಟ ಕರ್ಕನನ್ನು ಕೆಡವಿ ಚಾಲುಕ್ಯ ಸಾಮ್ರಾಜ್ಯವನ್ನು ಮತ್ತೆ ಎತ್ತಿ ನಿಲ್ಲಿಸಿದ. 1128ರ ಹೊತ್ತಿಗೆ ಆ ತರ್ದವಾಡಿಯನ್ನು ಚಾಲುಕ್ಯ ಮೂರನೆಯ ಸೋಮೇಶ್ವರನ ಸಾಮಂತನಾಗಿ ಆಳುತ್ತಿದ್ದವನು ಕಳಚುರಿ ಪೆರ್ಮಾಡಿ, ಅಂದರೆ ಬಿಜ್ಜಳನ ತಂದೆ. ತೈಲಪ ಮಾಡಿದ್ದು ವಂಶೋದ್ಧಾರ, ಬಿಜ್ಜಳ ಮಾಡಿದ್ದು ಮಾತ್ರ ದ್ರೋಹ ಎಂದರೆ ನ್ಯಾಯದ ತಕ್ಕಡಿ ಸರಿಯಿಲ್ಲವೆಂದೇ ಅರ್ಥ. ದಂಡು, ಕಂದಾಯ ಎರಡೂ ಮಾಂಡಲಿಕನ ಕೈಯಲ್ಲೇ ಉಳಿಯುತ್ತಿದ್ದ ಆ ವ್ಯವಸ್ಥೆಯಲ್ಲಿ ಮೇಲಿನ ಚಕ್ರವರ್ತಿ ಮೆತ್ತಗಾದರೆ ಕೆಳಗಿನವನು ತಲೆ ಎತ್ತದೇ ಇರುತ್ತಿರಲಿಲ್ಲ. ಆರನೆಯ ವಿಕ್ರಮಾದಿತ್ಯ 1126ರಲ್ಲಿ ತೀರಿಕೊಂಡ ಮೇಲೆ ಒಂದೇ ತಲೆಮಾರಿನಲ್ಲಿ ಹೊಯ್ಸಳರು, ಕಾಕತೀಯರು, ಸೇವುಣರು, ಕಳಚುರಿಗಳು ಎಲ್ಲರೂ ಒಟ್ಟೊಟ್ಟಿಗೆ ಬಲಿತದ್ದು ಇದೇ ಕಾರಣಕ್ಕೆ.

ಕಸಿದುಕೊಂಡದ್ದು ಕೂಡ ಒಂದೇ ಏಟಿಗಲ್ಲ. ಬಿಜ್ಜಳ ಮೊದಲು ಮಹಾಮಂಡಲೇಶ್ವರ. ಅಧಿಕಾರವೆಲ್ಲ ಕೈಗೆ ಬಂದ ಮೇಲೂ ಕೆಲಕಾಲ ಸಾಮಂತನ ಬಿರುದನ್ನು ಬಿಟ್ಟಿರಲಿಲ್ಲ. 1157ರ ಸುಮಾರಿಗೆ ಚಾಲುಕ್ಯ ಚಕ್ರವರ್ತಿ ಮೂರನೆಯ ತೈಲನ ಹಿಡಿತ ಕಲ್ಯಾಣದ ಮೇಲೆ ಸಡಿಲವಾಗಿ ಆತ ಅಣ್ಣಿಗೇರಿಯ ಕಡೆ ಸರಿದ. ಬಿಜ್ಜಳ ಪೂರ್ಣ ಚಕ್ರವರ್ತಿ ಬಿರುದುಗಳನ್ನು ಧರಿಸಿದ್ದು 1162ರ ಹೊತ್ತಿಗೆ. ತೈಲನನ್ನು ಹಣಿದವರಲ್ಲಿ ಕಾಕತೀಯರೂ ಇದ್ದರು. ಹನುಮಕೊಂಡದ ಸಾವಿರ ಕಂಬದ ಗುಡಿಯಲ್ಲಿ ಶಕ 1084ರ, ಅಂದರೆ 1163ರ ಆರಂಭದ, ಶಾಸನವೊಂದಿದೆ. ಕಾಕತೀಯ ಪ್ರೋಲ ತೈಲನನ್ನು ಯುದ್ಧದಲ್ಲಿ ಸೆರೆಹಿಡಿದು, ಭಕ್ತಿಯಿಂದ ಬಿಟ್ಟುಕೊಟ್ಟ ಎಂದು ಅದು ಹೇಳುತ್ತದೆ. ಪ್ರೋಲನ ಮಗ ರುದ್ರನ ಭಯಕ್ಕೆ ತೈಲ ಅತಿಸಾರವಾಗಿ ಸತ್ತ ಎಂದೂ ಹೇಳುತ್ತದೆ. ಭಯದಿಂದ ಅತಿಸಾರ ಎಂಬುದು ಆಸ್ಥಾನ ಕವಿಯ ಹೊಗಳಿಕೆ. ಆದರೆ ಆ ಕಲ್ಲು ಕೆತ್ತುವ ಹೊತ್ತಿಗೆ ತೈಲ ಬದುಕಿರಲಿಲ್ಲ, ಅವನ ಪತನದಲ್ಲಿ ಬಿಜ್ಜಳನಲ್ಲದೆ ಬೇರೆಯವರ ಕೈಯೂ ಇತ್ತು ಎಂಬ ಎರಡು ಸಂಗತಿಗಳು ಆ ಹೊಗಳಿಕೆಯೊಳಗೇ ಇವೆ.

ಬಿಜ್ಜಳ ಜೈನ, ಅದಕ್ಕೇ ಶಿವಭಕ್ತರ ವೈರಿ ಎಂಬ ನಂಬಿಕೆಗೆ ಉತ್ತರ ಆಳಂದದಲ್ಲೇ ಸಿಗುತ್ತದೆ. ಏಕಾಂತದ ರಾಮಯ್ಯ ಹುಟ್ಟಿದ್ದು ಅಳಂದೆಯಲ್ಲಿ. ಹಾವೇರಿ ಜಿಲ್ಲೆಯ ಅಬಲೂರಿನ ಗುಡಿಯಲ್ಲಿರುವ, 1200ರ ಆಸುಪಾಸಿನ ಶಾಸನ ಅವನ ಕತೆಯನ್ನು ವಿಸ್ತಾರವಾಗಿ ಹೇಳುತ್ತದೆ. ಜೈನರೊಡನೆ ವಾದಕ್ಕೆ ನಿಂತ ರಾಮಯ್ಯ ತಲೆ ಕತ್ತರಿಸಿಕೊಂಡು ಮರಳಿ ಪಡೆದ ಎಂಬ ಪವಾಡವನ್ನು ನಂಬುವುದು ಬಿಡುವುದು ಓದುಗರಿಗೆ ಸೇರಿದ್ದು. ಚರಿತ್ರೆಗೆ ಬೇಕಾದದ್ದು ಮುಂದಿನ ಭಾಗ: ಜೈನರು ದೂರು ಒಯ್ದದ್ದು ಬಿಜ್ಜಳನ ಬಳಿಗೆ; ಬಿಜ್ಜಳ ಜಯಪತ್ರ ಕೊಟ್ಟದ್ದು ರಾಮಯ್ಯನಿಗೆ. ಜೊತೆಗೆ ಅವನ ಗುಡಿಗೆ ಭೂಮಿಯನ್ನೂ ದತ್ತಿ ಬಿಟ್ಟ. ಮುಂದೆ ಚಾಲುಕ್ಯ ನಾಲ್ಕನೆಯ ಸೋಮೇಶ್ವರ ಗದ್ದುಗೆಗೆ ಮರಳಿದಾಗ ಅವನೂ ಅದೇ ರಾಮಯ್ಯನನ್ನು ಕರೆಸಿ ಗೌರವಿಸಿದ. ಕಳಚುರಿಗಳ ಧ್ವಜದ ಮೇಲಿದ್ದದ್ದು ಬಂಗಾರದ ವೃಷಭ, ಅವರ ವಾದ್ಯ ಡಮರುಗ. ಧರ್ಮದ ಗೆರೆ ಎಳೆದು ಈ ಯುದ್ಧವನ್ನು ಎರಡು ಪಾಳಯವಾಗಿ ಸೀಳಲು ಹೊರಟರೆ ಆಳಂದದ ಈ ಶಿವಭಕ್ತನನ್ನು ಯಾವ ಪಾಳಯದಲ್ಲಿ ಕೂರಿಸುವುದು?

ಇನ್ನು ಬಿಜ್ಜಳನ ಸಾವು. ವೀರಶೈವ ಪುರಾಣಗಳು ಶರಣ ಜಗದೇವನ ಕೈಯಿಂದ ಎನ್ನುತ್ತವೆ, ಜೈನ ಕಾವ್ಯ ವಿಷದಿಂದ ಎನ್ನುತ್ತದೆ. ಎರಡೂ ಕಡೆಯವರು ತಮ್ಮ ತಮ್ಮ ನೋವಿನಿಂದ ಕಟ್ಟಿಕೊಂಡ ಕತೆಗಳಿವು. ಸಾವು ಹೇಗೇ ಬಂದಿರಲಿ, ರಾಜ್ಯ ಅವನೊಂದಿಗೆ ಸಾಯಲಿಲ್ಲ. 1168ರ ಸುಮಾರಿಗೆ ಮಗ ಸೋವಿದೇವ ಅಧಿಕಾರಕ್ಕೆ ಬಂದು ಎಂಟು ವರ್ಷದ ಮಟ್ಟಿಗೆ ಆಳಿದ. ಅವನ ನಂತರ ಸಂಕಮ, ಆಹವಮಲ್ಲ, ಕೊನೆಗೆ ಸಿಂಘಣ. ಸಿಂಘಣನ ಬೆಹಟ್ಟಿ ತಾಮ್ರಪಟ 1183ರದ್ದು. ಹದಿನೈದು ವರ್ಷ ಕಳಚುರಿಗಳ ಆಡಳಿತ, ದಾನದತ್ತಿ, ದಂಡಯಾತ್ರೆ ಎಲ್ಲ ನಡೆದವು. ಚಾಲುಕ್ಯರ ಹುಡುಗ ಸೋಮೇಶ್ವರನನ್ನು 1183-84ರಲ್ಲಿ ಮತ್ತೆ ಪಟ್ಟಕ್ಕೆ ತಂದವನು ದಂಡನಾಯಕ ಬ್ರಹ್ಮ. ಇವನ ತಂದೆ ಕಾವಣ ಕಳಚುರಿಗಳ ದಂಡನಾಯಕನಾಗಿದ್ದವನು! ತಂದೆ ಕಾಯ್ದ ಮನೆತನವನ್ನು ಮಗ ಕೆಡವಿ, ಚಾಲುಕ್ಯ ರಾಜ್ಯವನ್ನು ಪ್ರತಿಷ್ಠಾಪಿಸಿದವನೆಂಬ ಬಿರುದು ಹೊತ್ತ. ಇಂಥ ಮನೆಮುರುಕ ಯುದ್ಧ ದಣಿಸಿದ್ದು ಎರಡೂ ವಂಶಗಳನ್ನು. ಮುಂದಿನ ಆರೇಳು ವರ್ಷಗಳಲ್ಲಿ ದಕ್ಷಿಣದಿಂದ ಹೊಯ್ಸಳ ಇಮ್ಮಡಿ ಬಲ್ಲಾಳ, ಉತ್ತರದಿಂದ ಸೇವುಣ ಭಿಲ್ಲಮ ನುಗ್ಗಿದರು. ಕಲ್ಯಾಣವನ್ನು ಹಿಡಿದವನು ಭಿಲ್ಲಮ. ಗದಗದ ಹತ್ತಿರದ ಸೊರಟೂರಿನಲ್ಲಿ ಭಿಲ್ಲಮನನ್ನೇ ಸೋಲಿಸಿದವನು ಬಲ್ಲಾಳ.

ಇದಕ್ಕೆ ಒಂದು ಆಕ್ಷೇಪ ಬಂದೇ ಬರುತ್ತದೆ: ಶಾಸನಗಳೂ ಅರಸರ ಹಂಗಿನಲ್ಲಿ ಬರೆದವು, ಪುರಾಣವನ್ನು ಬಿಟ್ಟು ಅವನ್ನೇಕೆ ನಂಬಬೇಕು? ಬಿರುದುಗಳನ್ನು ನಂಬಬೇಕಿಲ್ಲ. ಆದರೆ ಒಂದು ಹಳ್ಳಿಯ ದತ್ತಿಯನ್ನು ಬರೆಸುವಾಗ ಇಂಥ ಶಕ, ಇಂಥ ಸಂವತ್ಸರ, ಇಂಥವನ ಆಳ್ವಿಕೆ ಎಂದು ತಪ್ಪು ನಮೂದಿಸಿದರೆ ಆ ದತ್ತಿಗೇ ಬೆಲೆ ಇರುವುದಿಲ್ಲ. ಹಾಗಾಗಿ ಆ ಸಾಲುಗಳು ಗಟ್ಟಿ. ಪಾಲ್ಕುರಿಕೆ ಸೋಮನಾಥನ ಬಸವಪುರಾಣ ಬಂದದ್ದು 13ನೇ ಶತಮಾನದಲ್ಲಿ, ಭೀಮಕವಿಯ ಕನ್ನಡ ಬಸವಪುರಾಣ 1369ರಲ್ಲಿ. ಅವುಗಳ ಉದ್ದೇಶ ಭಕ್ತಿಯನ್ನು ಸಾರುವುದು, ಕಾಲಾನುಕ್ರಮ ಬರೆಯುವುದಲ್ಲ. ಎಲ್ಲರಿಗಿಂತ ಮೊದಲು ಬರೆದ ಹರಿಹರನೇ ಬಸವಣ್ಣನವರು ಬಿಜ್ಜಳನಲ್ಲಿಗೆ ಹೋದದ್ದು ಮಂಗಳವಾಡಕ್ಕೆ, ಅಂದರೆ ಮಂಗಳವೇಢೆಗೆ, ಎನ್ನುತ್ತಾನೆ. ಜನರ ನೆನಪಿನಲ್ಲಿ ಎಲ್ಲವೂ ಕಲ್ಯಾಣದಲ್ಲೇ ನಡೆಯುತ್ತದೆ. ಗೆದ್ದವರ, ಉಳಿದವರ ಕತೆ ಚರಿತ್ರೆಯನ್ನು ಹೀಗೆ ಅಡಕ ಮಾಡುವುದು ಎಲ್ಲೆಡೆ ಇರುವುದೇ. ಇಂಗ್ಲೆಂಡಿನಲ್ಲಿ 1455ರಿಂದ 1487ರವರೆಗೆ ಲಂಕಾಸ್ಟರ್ ಮತ್ತು ಯಾರ್ಕ್ ಮನೆತನಗಳು ಕಾದಾಡಿದ್ದನ್ನು ಕೆಂಪು ಗುಲಾಬಿ, ಬಿಳಿ ಗುಲಾಬಿಯ ಯುದ್ಧವೆಂದೇ ಜಗತ್ತು ಅರಿತಿದೆ. ಕೆಂಪು ಗುಲಾಬಿಗೆ ಆ ಮಹತ್ವ ಬಂದದ್ದು ಮಾತ್ರ 1485ರಲ್ಲಿ ಗೆದ್ದ ಏಳನೆಯ ಹೆನ್ರಿಯ ಪ್ರಚಾರದಿಂದ.

ಹೀಗೆಂದರೆ ಶರಣರ ತ್ಯಾಗವನ್ನು ಕಿರಿದು ಮಾಡಿದಂತಲ್ಲವೇ ಎಂದು ನೊಂದು ಕೇಳುವವರಿದ್ದಾರೆ. ಅವರ ನೋವು ದೊಡ್ಡದು, ಉತ್ತರ ಕೊಡಲೇಬೇಕು. ಜಾತಿ ಮೀರಿ ಮಕ್ಕಳ ಮದುವೆ ಮಾಡಿದ್ದಕ್ಕೆ ಶಿಕ್ಷೆಗೊಳಗಾದ ಶರಣರಾದ ಹರಳಯ್ಯ, ಮಧುವರಸರಿಗೆ ಆದ ಅನ್ಯಾಯವನ್ನು ಈ ಸೀಮೆಯ ಜನ ಎಂಟು ನೂರು ವರ್ಷ ಎದೆಯಲ್ಲಿ ಹೊತ್ತು ತಂದಿದ್ದಾರೆ. ಅದನ್ನು ಅಲ್ಲಗಳೆಯಲು ಯಾವ ಶಾಸನವೂ ಸಾಕ್ಷಿ ಹೇಳುವುದಿಲ್ಲ. ಆದರೆ ಸಾಮ್ರಾಜ್ಯ ಬಿದ್ದದ್ದಕ್ಕೆ ಶರಣರೇ ಕಾರಣ ಎಂದರೆ ಅದು ಹೊಗಳಿಕೆ ಅಲ್ಲ, ಆರೋಪ. ಸಿಂಹಾಸನಕ್ಕಾಗಿ ಕಾದಾಡಿ ನಾಡನ್ನು ಬಡವಾಗಿಸಿದವರು ಎರಡು ಅರಸು ಮನೆತನದವರು. ಆ ಹೊಣೆ ಸಂದಾಯವಾಗಬೇಕಾದದ್ದು ಅವರ ಲೆಕ್ಕಕ್ಕೆ. ಸಿಂಹಾಸನವನ್ನೇ ಬಯಸದ ಶರಣರನ್ನು ಆ ಲೆಕ್ಕದಲ್ಲಿ ಸೇರಿಸುವುದು ಅವರಿಗೆ ಬಗೆಯುವ ಅನ್ಯಾಯ.