ಕಾಡಿಗೊಂದು ಕತ್ತಿ: ಉಕ್ಕು ಯಾವುದು, ಹದ ಎಷ್ಟು?



ಮಳೆ ಶುರುವಾದರೆ ಸಾಕು, ವಿಲೆ ಪಾರ್ಲೆಯ ನಮ್ಮ ಹುಡುಗರು ಲೋಕಲ್ ಹಿಡಿದು ರಾಜಮಾಚಿ, ಲೋಹಗಡ ಎಂದು ಚಾರಣಕ್ಕೆ ಹೊರಡುತ್ತಾರೆ. ಕೆಲವರ ಚೀಲದಲ್ಲಿ ಬುಷ್‌ಕ್ರಾಫ್ಟ್ ಕತ್ತಿಯೂ ಇರುತ್ತದೆ. ಪುಳ್ಳೆ ಸೀಳಲು, ಹಗ್ಗ ಕೊಯ್ಯಲು, ಗೂಟ ಚೂಪು ಮಾಡಲು ಇದು ಬೇಕು. ನೀವೂ ಒಂದನ್ನು ಕೊಳ್ಳುವ ಅಥವಾ ಮಾಡಿಕೊಳ್ಳುವ ಯೋಚನೆಯಲ್ಲಿದ್ದರೆ ಈ ನಾಲ್ಕು ಮಾತು ಓದಿ.

ಅಳತೆ: ಕೊಡಗಿನ ಒಡಿಕತ್ತಿ ಬಾಳೆಯ ಕಂಬ ಕಡಿಯುವಂಥ ದೊಡ್ಡ ಕೆಲಸಕ್ಕೆ. ಇದು ಹಾಗಲ್ಲ. ಅಲಗು 4ರಿಂದ 5 ಇಂಚು ಉದ್ದ, 3ರಿಂದ 4 ಮಿ.ಮೀ. ದಪ್ಪ ಇದ್ದರೆ ಸಾಕು. ಅಲಗಿನ ಉಕ್ಕು ಹಿಡಿಯ ತುದಿಯವರೆಗೂ ಒಂದೇ ತುಂಡಾಗಿರಲಿ. ಇಲ್ಲದಿದ್ದರೆ ಕಟ್ಟಿಗೆ ಸೀಳುವಾಗ ಹಿಡಿಯ ಬುಡದಲ್ಲೇ ಮುರಿಯಬಹುದು.

ಉಕ್ಕು: ನಮ್ಮೂರ ಕಮ್ಮಾರರು ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಕತ್ತಿ ಮಾಡುತ್ತಾರೆ. ಅದರಲ್ಲಿ ಇಂಗಾಲ ಸುಮಾರು ಶೇ. 0.6. ಪೆಟ್ಟು ತಾಳುವ ಗಟ್ಟಿ ಉಕ್ಕು; ಆದರೆ ಹಳೆಯ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. 1095 ಎಂಬ ಉಕ್ಕಿನಲ್ಲಿ ಇಂಗಾಲ ಶೇ. 0.95ರಷ್ಟು, ಹರಿತ ಹೆಚ್ಚು ಕಾಲ ನಿಲ್ಲುತ್ತದೆ, ತುಕ್ಕೂ ಬೇಗ ಹಿಡಿಯುತ್ತದೆ. ಮುಂಬಯಿಯ ಉಪ್ಪುಗಾಳಿಗೆ 12ಸಿ27ನಂಥ ಸ್ಟೇನ್‌ಲೆಸ್ ಅನುಕೂಲ. ಅದರಲ್ಲಿ ಕ್ರೋಮಿಯಂ ಶೇ. 13ಕ್ಕೂ ಹೆಚ್ಚು.

ಸಿದ್ಧ ಅಲಗು: ಹಿಡಿಯಿಲ್ಲದ ಬ್ಲ್ಯಾಂಕ್ ತಂದರೆ ಮೊದಲು ಅರ ಉಜ್ಜಿ ನೋಡಿ. ಅರ ಜಾರಿದರೆ ಹದ ಆಗಿದೆ, ಕಚ್ಚಿದರೆ ಆಗಿಲ್ಲ. ಹದವಾಗದ ಕಾರ್ಬನ್ ಉಕ್ಕನ್ನು ಅಯಸ್ಕಾಂತ ಅಂಟದಷ್ಟು, ಅದಕ್ಕಿಂತ ತುಸು ಹೆಚ್ಚೇ ಕಾಯಿಸಿ ಬೆಚ್ಚಗಿನ ಎಣ್ಣೆಯಲ್ಲಿ ಅದ್ದಬೇಕು. ಆಗ ಅದು ಗಾಜಿನಂತೆ ಒಡೆಯುವ ಸ್ಥಿತಿಯಲ್ಲಿರುತ್ತದೆ. ತಡಮಾಡದೆ 200 ಡಿಗ್ರಿ ಸೆಲ್ಸಿಯಸ್‌ನ ಒಲೆಯಲ್ಲಿ ಎರಡು ಗಂಟೆಯಂತೆ ಎರಡು ಸಲ ಇಟ್ಟರೆ ಗಡಸುತನದ ಜೊತೆಗೆ ತಾಳಿಕೆಯೂ ಬರುತ್ತದೆ. ಸ್ಟೇನ್‌ಲೆಸ್‌ಗೆ ಇನ್ನೂ ಹೆಚ್ಚು ಶಾಖ ಬೇಕು. ಮನೆಯಲ್ಲಿ ಆಗದ ಕೆಲಸ, ಹದ ಆದದ್ದನ್ನೇ ಕೊಳ್ಳಿ. ಹದವಾದ ಅಲಗನ್ನು ಸಾಣೆಯಂತ್ರಕ್ಕೆ ಕೊಡುವಾಗ ಪದೇ ಪದೇ ನೀರಿಗೆ ಅದ್ದಿ. ಕಾರ್ಬನ್ ಉಕ್ಕು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಹದ ಹೋಯಿತು. ಹಿಡಿಗೆ ಬೀಟೆ ಅಥವಾ ಹಲಸಿನ ಮರ, ಹಿತ್ತಾಳೆಯ ಮೊಳೆ, ಅರಲ್ಡೈಟ್ ಸಾಕು.

ಆರೈಕೆ: ಒದ್ದೆ ಕತ್ತಿಯನ್ನು ಚರ್ಮದ ಒರೆಯಲ್ಲಿ ಬಿಡಬೇಡಿ, ತುಕ್ಕಿಗೆ ಅದೇ ತವರುಮನೆ. ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಹೊರಗಿಡಿ.

ಎಲ್ಲಕ್ಕಿಂತ ಮುಖ್ಯ, ಕಾನೂನು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ‘ಆಯುಧ’ ಎಂಬ ವಿವರಣೆಯಲ್ಲಿ ಚಾಕುವಿನ ಹೆಸರೂ ಇದೆ. ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ, ಕರ್ನಾಳಾ, ಭೀಮಾಶಂಕರ ಅಭಯಾರಣ್ಯಗಳ ಒಳಗೆ ಲಿಖಿತ ಅನುಮತಿಯಿಲ್ಲದೆ ಅದನ್ನು ಒಯ್ಯುವಂತಿಲ್ಲ. ಮನೆಗೆಲಸಕ್ಕೋ ಬೇಸಾಯಕ್ಕೋ ಮಾಡಿದ್ದಲ್ಲದ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಗೆ ಸೇರುತ್ತದೆ. ಪಾರ್ಲೆಯ ಪಕ್ಕದ ವಿಮಾನ ನಿಲ್ದಾಣದಿಂದ ಮಂಗಳೂರಿಗೆ ಹೊರಟಿದ್ದರೆ ಕತ್ತಿ ಕೈಚೀಲದಲ್ಲಿ ಬೇಡ. ಕೌಂಟರಿನಲ್ಲಿ ಒಪ್ಪಿಸುವ ಪೆಟ್ಟಿಗೆಯಲ್ಲಿಡಿ.

ಯುರೋಪಿನವರು ವೂಟ್ಸ್ ಎಂದು ಕರೆದ ಉಕ್ಕಿನ ಹೆಸರು ನಮ್ಮ ‘ಉಕ್ಕು’ ಪದದಿಂದಲೇ ಬಂದದ್ದೆಂದು ಹಲವು ವಿದ್ವಾಂಸರು ಹೇಳುತ್ತಾರೆ. ಮುಂದಿನ ಸಲ ಊರಿಗೆ ಹೋದಾಗ ಕುಲುಮೆಯೊಂದು ಇನ್ನೂ ಉರಿಯುತ್ತಿದ್ದರೆ ಅರ್ಧ ಗಂಟೆ ನಿಂತು ನೋಡಿ ಬನ್ನಿ. ಅಂಗಡಿಯವರು ಹೇಳದ ಎಷ್ಟೋ ವಿಷಯ ಅಲ್ಲಿ ತಿಳಿಯುತ್ತದೆ.